ನೂಲು ತಿಂದ ಕಂಬಗಳು

ಮೊನ್ನೆ ಸ್ಕೂಲು ಮುಗಿಸಿ ಬಸ್ಸಿಳಿದು ಬರುವಾಗ, ಹೊಸದಾಗಿ ತೆರೆದ ಮಂಚ-ಬೀರುವಿನ ಅಂಗಡಿಯಿಂದ ಪಾಲಿಶ್ ವಾಸನೆ ಮೂಗಿಗೆ ಹೊಡೆಯಿತು. ಸ್ಪಿರಿಟ್ಟು, ಅರಗು, ಉಜ್ಜಿದ ಮರದ ಪುಡಿ ಎಲ್ಲಾ ಸೇರಿದ ವಾಸನೆ. ಜೊತೆಯಲ್ಲಿದ್ದ ಗಿರಿಜಾ ಮೇಡಂ ನಿಂತು, "ಆಹಾ, ಹೊಸ ಮನೆ ವಾಸನೆ ಕಣ್ರೀ" ಅಂದರು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. "ಹೊಸ ಮನೇನೂ ಬೇಡ, ಮಣ್ಣಾಂಗಟ್ಟೀನೂ ಬೇಡ, ಬನ್ರೀ ಸುಮ್ನೆ" ಅಂತ ಅವರ ಕೈ ಹಿಡಿದು ದರದರ ಎಳೆದುಕೊಂಡು ಹೋದೆ. ಪಾಪ, ಅವರಿಗೇನು ಗೊತ್ತು. ಆ ವಾಸನೆ ಬಂದರೆ ನನಗೆ ಒಂದೇ ಒಂದು ಮಳೆಗಾಲ ನೆನಪಾಗುತ್ತದೆ, ಅಮ್ಮ ತನ್ನ ಪಾಡಿಗೆ ತಾನು ಮಹಡಿ ಹತ್ತಿ ಇಳಿದ ಕೊನೆಯ ಮಳೆಗಾಲ.

ನಮ್ಮದು ದೊಡ್ಡಬಳ್ಳಾಪುರದ ಹಳೇ ಪೇಟೆ. ಬೆಳಗಾದರೆ ಮಗ್ಗದ ಸದ್ದಿಗೇ ಏಳುವ ಬೀದಿ. ತಾತನ ಕಾಲದ ಮನೆಯ ನಡುಮನೆಯಲ್ಲಿ ಮಹಡಿಗೆ ಹೋಗಲು ಮರದ ಮೆಟ್ಟಿಲು, ಅರ್ಧಕ್ಕೆ ಹೋಗಿ ಎಡಕ್ಕೆ ತಿರುಗುತ್ತದೆ. ಮೆಟ್ಟಿಲಿಗೊಂದು ಕಟಕಟೆ, ಕಟಕಟೆಯ ತುಂಬ ಸಾಲಾಗಿ ಕಡೆದ ತೇಗದ ಪುಟ್ಟ ಕಂಬಗಳು. ಅವುಗಳ ಹೊಟ್ಟೆ ಉಬ್ಬಿಕೊಂಡಿದ್ದು, ಕುತ್ತಿಗೆ ಸಣ್ಣಗಿತ್ತು. ಚಿಕ್ಕವಳಿದ್ದಾಗ ನಾನು ಅವುಗಳ ಸಂದಿಯಲ್ಲಿ ಕಾಲು ಇಳಿಬಿಟ್ಟು ಕೂತು ಮಂಡಕ್ಕಿ ತಿಂದದ್ದು ನೆನಪಿದೆ. ಆಮೇಲೆ ಅವು ಕಾಣಿಸಲಿಲ್ಲ. ನಾನು ಹೈಸ್ಕೂಲಿಗೆ ಸೇರುವ ಹೊತ್ತಿಗೆ ಅಪ್ಪ ಕೈಮಗ್ಗ ಕಿತ್ತುಹಾಕಿ ನಡುಮನೆಗೆ ಕರೆಂಟು ಮಗ್ಗ ತಂದರು. ಸದ್ದಿಗೆ ಗೋಡೆ ಅದುರುತ್ತಿತ್ತು. ನೂಲಿನ ಜುಂಗು ಮೆಟ್ಟಿಲ ಮೇಲಿಂದ ಹಾರಿ ಮಹಡಿಯ ಹಾಸಿಗೆ, ತಟ್ಟೆಯ ಅನ್ನ, ದೇವರ ಪಟ, ಎಲ್ಲದರ ಮೇಲೂ ಕೂರುತ್ತಿತ್ತು. ಅಪ್ಪ ತಲೆ ಕೆಟ್ಟು ಕಟಕಟೆಯ ಎರಡೂ ಕಡೆ ಹಲಗೆ ಹೊಡೆಸಿ, ಮೇಲೆ ಸೂರಿನ ತನಕ ಮುಚ್ಚಿಸಿಬಿಟ್ಟರು. ಅಂದಿನಿಂದ ನಮ್ಮ ಮೆಟ್ಟಿಲು ಒಂದು ಕತ್ತಲೆ ಪೆಟ್ಟಿಗೆಯಾಯಿತು. ಒಳಗೆ ಕಂಬಗಳಿವೆ ಅನ್ನುವುದೇ ನಮಗೆ ಮರೆತುಹೋಯಿತು.

ಅಪ್ಪ ತೀರಿಕೊಂಡ ಮೇಲೆ ಅಣ್ಣ ವೆಂಕಟೇಶ ಆ ಮಗ್ಗಗಳನ್ನು ಹೇಗೋ ನಡೆಸಲು ನೋಡಿದ, ಆಗಲಿಲ್ಲ. ಒಂದು ದಿನ ಅವು ಗುಜರಿಗೆ ಹೋದವು, ಅಣ್ಣ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆದ. ನಾನು ಮದುವೆಯಾಗಲಿಲ್ಲ, ಆ ಕಥೆ ಇಲ್ಲಿ ಬೇಡ. ದೊಡ್ಡಬೆಳವಂಗಲದ ಸ್ಕೂಲಿನಲ್ಲಿ ಟೀಚರಾಗಿ, ಅಣ್ಣ, ಅತ್ತಿಗೆ ಶಾರದಾ, ಅಮ್ಮನ ಜೊತೆ ಅದೇ ಮನೆಯಲ್ಲೇ ಉಳಿದೆ. ಮನೆ ಸದ್ದಿಲ್ಲದೆ ಬಿಕೋ ಅನ್ನತೊಡಗಿದ ಆ ಕಾಲಕ್ಕೇ ಅಮ್ಮನ ಕಣ್ಣು ಹೋದವು.

ಒಂದೇ ಸಲ ಹೋಗಲಿಲ್ಲ. ಅಂಚಿನಿಂದ ಮಂಜು ಮುಚ್ಚಿಕೊಂಡು ಬಂದು, ನಡುವೆ ಒಂದಿಷ್ಟು ಬೆಳಕು ಉಳಿದು, ಕೊನೆಗೆ ಅದೂ ಹೋಯಿತು. ಕಣ್ಣಿನ ಒತ್ತಡ, ಹೋದ ದೃಷ್ಟಿ ವಾಪಸ್ ಬರೋದಿಲ್ಲ ಅಂತ ಡಾಕ್ಟರು ಹೇಳಿಬಿಟ್ಟರು. ಅಮ್ಮನನ್ನು ಮಹಡಿಯ ಕೋಣೆಯಿಂದ ಅಡುಗೆಮನೆ ಪಕ್ಕದ ಉಗ್ರಾಣಕ್ಕೆ ಇಳಿಸಿದೆವು. ಎಂಥ ಹೆಂಗಸು ಅವಳು! ಬೀದಿಯ ಈ ತುದಿಯಿಂದ ಬೈದರೆ ಆ ತುದಿಯವರೆಗೂ ಕೇಳುತ್ತಿತ್ತು. ಅಂಥವಳು ಆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ಯಾರಾದರೂ ಕೈ ಹಿಡಿದು ನಡೆಸಲು ಹೋದರೆ ಕೊಡವಿ ಹಾಕುವಳು. "ನನ್ನೇನ್ ದನ ಅಂದ್ಕೊಂಡ್ರಾ, ಘಾಟಿ ಜಾತ್ರೆಗೆ ಹೊಡ್ಕೊಂಡ್ ಹೋಗಕ್ಕೆ?" ಆಮೇಲೆ ಬೈಯುವುದನ್ನೂ ಬಿಟ್ಟಳು. ಊಟ ಅರ್ಧಕ್ಕಿಳಿಯಿತು. ಅತ್ತಿಗೆ ಅನ್ನ ಕಲಸಿಟ್ಟ ತಟ್ಟೆ ಹಾಗೇ ವಾಪಸ್ ಬರುತ್ತಿತ್ತು. ಅವಳು ಸಾಯಲು ತೀರ್ಮಾನ ಮಾಡಿದ್ದಾಳೆ ಅಂತ ನನಗೆ ಖಾತ್ರಿಯಾಯಿತು, ಹೆದರಿಕೆಯಾಯಿತು.

ಮೊದಲ ಮಳೆ ಬಿದ್ದ ವಾರ. ನಂದಿಬೆಟ್ಟದ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಅಮ್ಮ ಇದ್ದಕ್ಕಿದ್ದಂತೆ ಕೇಳಿದಳು.

"ರತ್ನ, ಮೆಟ್ಲು ಕಂಬ ಇದಾವೇನೇ ಇನ್ನೂ?"

"ಇರಬೇಕಮ್ಮ, ಹಲಗೆ ಒಳಗೆ. ಯಾಕೆ?"

"ತೆಗಿಸ್ರೇ ಆ ಹಲಗೆನ. ಕಂಬ ಕೈಗೆ ಸಿಕ್ಕಿದ್ರೆ ನಾನೇ ಮಾಡಿಗೆ ಹೋಗ್ತೀನಿ. ಯಾರ ಕೈಯೂ ಬೇಡ ನಂಗೆ."

ಅಣ್ಣನಿಗೆ ಹೇಳಿದೆ. ಅವನು ಒಂದು ಮಾತೂ ಎದುರಾಡದೆ ಭಾನುವಾರ ಬಡಗಿ ಅನ್ವರ್ ಭಾಯಿಯನ್ನು ಕರೆಸಿದ. ನಮ್ಮ ಬೀದಿಯ ಮಗ್ಗಗಳ ಮರದ ಕೆಲಸವೆಲ್ಲ ಅವರದೇ. ಒಂದೊಂದೇ ಮೊಳೆ ಕಿತ್ತು, ಹಲಗೆ ಎಬ್ಬಿಸಿದರು ನೋಡಿ, ಒಳಗಿಂದ ಬುಸ್ಸೆಂದು ಜುಂಗು ಸುರಿಯಿತು. ಇಷ್ಟು ವರ್ಷದ ನೂಲಿನ ಧೂಳು, ಹಾಸಿಗೆ ಬಿಚ್ಚಿದ ಹತ್ತಿಯ ಹಾಗೆ. ನಾವೆಲ್ಲ ಸೆರಗು, ಟವಲ್ಲು ಮೂಗಿಗೆ ಕಟ್ಟಿಕೊಂಡು ಬಾಚಿ ಬಾಚಿ ತೆಗೆದೆವು. ಧೂಳಿನ ಒಳಗಿಂದ ಕಂಬಗಳು ಎದ್ದುಬಂದವು, ಕಪ್ಪಗೆ, ಒರಟಾಗಿ. ಒಂದೊಂದರ ಕುತ್ತಿಗೆಗೂ ಸುತ್ತ ಕಚ್ಚು ಬಿದ್ದಿತ್ತು. ಬಾವಿಕಟ್ಟೆಯ ಕಲ್ಲನ್ನು ಹಗ್ಗ ತಿಂದ ಗುರುತಿನ ಹಾಗೆ. ಕೆಲವು ಕಚ್ಚಿನಲ್ಲಿ ಗಿಳಿಹಸಿರು, ನೇರಳೆ ಬಣ್ಣದ ರೇಷ್ಮೆ ಎಳೆಯ ಚೂರುಗಳು ಇನ್ನೂ ಸಿಕ್ಕಿಕೊಂಡಿದ್ದವು.

"ಸಾಗ್ವಾನಿ ಸಾರ್, ಸಾಗ್ವಾನಿ! ಈಗೆಲ್ಲಿ ಸಿಗತ್ತೆ ಇದು? ಪಾಲಿಶ್ ಮಾಡಿಬಿಟ್ರೆ ಅರಮನೆ ಆಗತ್ತೆ, ಮಾಡ್ಕೊಡ್ಲಾ?" ಅಂದರು ಅನ್ವರ್ ಭಾಯಿ.

"ಈಗ ಬೇಡ ಭಾಯಿ, ಮೊದ್ಲು ಅಮ್ಮ ನೋಡ್ಲಿ" ಅಂದೆ ನಾನು. ನೋಡಲಿ ಅಂದುಬಿಟ್ಟೆ, ನನ್ನ ಬಾಯಿಗಿಷ್ಟು ಮಣ್ಣು!

ಅಮ್ಮ ಗೋಡೆ ಹಿಡಿದುಕೊಂಡು ಬಂದಳು. ಮೊದಲ ಕಂಬಕ್ಕೆ ಕೈ ಇಟ್ಟಳು. ಕುತ್ತಿಗೆಯ ಕಚ್ಚಿನೊಳಗೆ ಹೆಬ್ಬೆರಳು ಇಳಿಸಿ, ಸುತ್ತ ಒಂದು ಸಲ ಆಡಿಸಿದಳು. ಅವಳ ಮುಖದಲ್ಲಿ ಆದ ಬದಲಾವಣೆಯನ್ನು ಹೇಗೆ ಹೇಳಲಿ? ಎಷ್ಟೋ ತಿಂಗಳ ಮೇಲೆ ಅಮ್ಮ ಮನೆಗೆ ಬಂದಿದ್ದಳು. ಎರಡನೆಯದು, ಮೂರನೆಯದು ಅಂತ ಮುಟ್ಟುತ್ತ ಮುಟ್ಟುತ್ತ ಮೆಟ್ಟಿಲು ಹತ್ತತೊಡಗಿದಳು. ಅಣ್ಣ ಹಿಂದೆ ಓಡಿದರೆ, "ದೂರ ಇರು" ಅಂತ ಗದರಿದಳು. ತಿರುವಿನ ಕಂಬ ಕೈಗೆ ಸಿಕ್ಕಾಗ ನಿಂತಳು. ಅದರ ಕಚ್ಚು ಎಲ್ಲಕ್ಕಿಂತ ಆಳ. "ಇಲ್ಲಿ ತಿರುಗ್ಬೇಕು" ಅಂತ ತನಗೆ ತಾನೇ ಹೇಳಿಕೊಂಡು ಎಡಕ್ಕೆ ತಿರುಗಿ, ಮೇಲೆ ಹೋಗಿಯೇಬಿಟ್ಟಳು. ಕೆಳಗೆ ನಿಂತ ನಾವು ಮೂವರೂ ಅಳುತ್ತಿದ್ದೆವು. ಅನ್ವರ್ ಭಾಯಿ ಸುಮ್ಮನೆ ಮೊಳೆ ಆರಿಸುತ್ತ ಕೂತರು.

ಆ ಕಚ್ಚುಗಳ ಕಥೆಯನ್ನು ಅಮ್ಮ ನನಗೊಬ್ಬಳಿಗೆ ಹೇಳಿದ್ದು, ಆ ಸಂಜೆ ಮಹಡಿಯಲ್ಲಿ ಅವಳ ತಲೆ ಬಾಚುತ್ತಿದ್ದಾಗ. ಮಗ್ಗಕ್ಕೆ ಏರಿಸುವ ಮುಂಚೆ ನೂಲನ್ನು ಉದ್ದಕ್ಕೆ ಎಳೆದು ಕಟ್ಟಿ, ಹರಿದ ಎಳೆ ಹುಡುಕಿ ಗಂಟು ಹಾಕಬೇಕು. ಬೀದಿಯ ಹೆಂಗಸರೆಲ್ಲ ಬೆಳಿಗ್ಗೆ ಬೀದಿಯುದ್ದಕ್ಕೂ ಗೂಟ ನೆಟ್ಟು, ಹಾಡು ಹರಟೆ ಅಂತ ಆ ಕೆಲಸ ಮಾಡುತ್ತಿದ್ದರು. ಅಜ್ಜಿ ಮಾತ್ರ ಹೊಸ ಸೊಸೆಯನ್ನು ಹೊಸಲು ದಾಟಲು ಬಿಡಲಿಲ್ಲ. ಗಂಡಸರು ಓಡಾಡೋ ಬೀದಿಯಲ್ಲಿ ನಮ್ಮನೆ ಸೊಸೆ ನಿಲ್ಲಬಾರದು ಅಂತ. ಹಾಗಾಗಿ ಅಮ್ಮ ಈ ಕಂಬಗಳಿಗೇ ನೂಲು ಸುತ್ತಿ, ಎದುರು ಗೋಡೆಯ ಗೂಟಕ್ಕೆ ಎಳೆದು ಕಟ್ಟಿ, ಒಬ್ಬಳೇ ಮೆಟ್ಟಿಲು ಹತ್ತಿ ಇಳಿದು ಎಳೆ ಜೋಡಿಸುತ್ತಿದ್ದಳು. ನಾವು ಹುಟ್ಟುವ ಮುಂಚಿನಿಂದ, ಕರೆಂಟು ಮಗ್ಗ ಬರುವ ತನಕ. ನಾವು ಸ್ಕೂಲಿಗೆ ಹೋದ ಮೇಲೆ ನೂಲು ಕಟ್ಟಿ, ಬರುವಷ್ಟರಲ್ಲಿ ಬಿಚ್ಚಿಡುತ್ತಿದ್ದಳಂತೆ, ಅದಕ್ಕೇ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

"ಬೀದೀಲಿ ಅವ್ರೆಲ್ಲ ನಗ್ತಿದ್ರೆ ನಂಗೆ ಇಲ್ಲಿ ಕೇಳ್ಸೋದು. ಹೊಟ್ಟೆ ಉರಿಯೋದು ಕಣೇ. ಆಮೇಲೆ ಅಭ್ಯಾಸ ಆಯ್ತು. ನಂಗೆ ಬೀದಿ ಅಂದ್ರೆ ಈ ಮೆಟ್ಲೇ. ಕೆಳಗಿನ ಕಂಬಕ್ಕೆ ಸಣ್ಣ ನೂಲು, ಅದಕ್ಕೆ ಕಚ್ಚೂ ಸಣ್ಣದು. ಮೂಲೆ ಕಂಬದ ಮೇಲೆ ಎಲ್ಲಾ ಭಾರ ಬೀಳೋದು. ಕತ್ಲಲ್ಲೂ ನಂಗೆ ಯಾವ ಮೆಟ್ಲಲ್ಲಿದೀನಿ ಅಂತ ಗೊತ್ತಾಗೋದು. ಈಗ್ಲೂ ಗೊತ್ತಾಗತ್ತೆ. ಈಗಂತೂ ಕತ್ಲೇನೇ ಅಲ್ವಾ" ಅಂತ ನಕ್ಕಳು.

ಆಷಾಢದ ಆ ಕೆಲವು ವಾರ ನಮ್ಮ ಮನೆ ಮತ್ತೆ ಮನೆಯಾಗಿತ್ತು. ಅಮ್ಮ ಬೆಳಿಗ್ಗೆ ಕಾಫಿ ಕುಡಿದು, ಕಂಬ ಮುಟ್ಟಿಕೊಂಡು ಮೇಲೆ ಹೋಗುವಳು. ಕಿಟಕಿಯ ಹತ್ತಿರ ಕೂತು ಬೀದಿಯ ಮಗ್ಗಗಳನ್ನು ಕೇಳುವಳು. ಯಾರ ಮನೆ ಮಗ್ಗ ಇವತ್ತು ನಿಂತಿದೆ, ಯಾರದ್ದು ತಪ್ಪು ತಾಳದಲ್ಲಿ ಓಡುತ್ತಿದೆ ಅಂತ ಮೇಲಿಂದಲೇ ವರದಿ. ಊಟದ ಹೊತ್ತಿಗೆ ತಾನೇ ಇಳಿದು ಬಂದು, "ಶಾರದಾ, ಸಾರಿಗೆ ಉಪ್ಪು ನೀನ್ ಹಾಕಿದ್ಯಾ, ಇಲ್ಲಾ ಪಕ್ಕದ್ಮನೆಯವ್ರು ಹಾಕಿದ್ರಾ?" ಅಂತ ಅತ್ತಿಗೆಯನ್ನು ಗೋಳು ಹುಯ್ದುಕೊಳ್ಳುವಳು. ಬೈಸಿಕೊಂಡ ಅತ್ತಿಗೆ ಅಡುಗೆಮನೆಯಲ್ಲಿ ಖುಷಿಯಿಂದ ಮೂಗೊರೆಸಿಕೊಳ್ಳುವಳು. ಅಷ್ಟೇ ಸುಖ. ಅಷ್ಟನ್ನೂ ದೇವರು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದನೇನೋ.

ಹಳೇ ಮರ, ಸಿಬಿರು ಎದ್ದಿತ್ತು. ಒಂದು ಮಧ್ಯಾಹ್ನ ಇಳಿಯುವಾಗ ಒಂದು ಸಿಬಿರು ಅಮ್ಮನ ಬಲ ಅಂಗೈಗೆ ಚುಚ್ಚಿತು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಹತ್ತಲು ಬಿಡುವುದಿಲ್ಲ ಅನ್ನುವ ಭಯ. ಮೊದಲೇ ಸಕ್ಕರೆ ಕಾಯಿಲೆ. ನಮ್ಮ ಗಮನಕ್ಕೆ ಬರುವಷ್ಟರಲ್ಲಿ ಅಂಗೈ ಊದಿ, ಕೀವು ಕಟ್ಟಿ, ಜ್ವರ ಬಂದಿತ್ತು. ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದೆವು. ನಾನು ರಜೆ ಹಾಕಿ ಅಮ್ಮನ ಪಕ್ಕದಲ್ಲಿ ಕೂತೆ. ಅಣ್ಣ ಕೆಲಸ ಮುಗಿಸಿ ಬಂದು ಹೋಗಿ ಮಾಡುತ್ತಿದ್ದ. ಗಾಯ ಕೊಯ್ದು ಕ್ಲೀನ್ ಮಾಡಿದರು, ಕೈ ಉಳಿಯಿತು. ಡಾಕ್ಟರು ಅಣ್ಣನಿಗೆ, ಇನ್ನೊಂದು ಸಲ ಹೀಗೆ ಚುಚ್ಚಿದರೆ ಕಷ್ಟ, ಹುಷಾರು ಅಂದರು. ಆ ಮಾತು ಅವನ ತಲೆಯೊಳಗೆ ಕೂತುಬಿಟ್ಟಿತು. ಅಮ್ಮ ಮಂಚದ ಮೇಲೆ ಮಲಗಿಕೊಂಡು ಬ್ಯಾಂಡೇಜಿಲ್ಲದ ಎಡಗೈಯ ಹೆಬ್ಬೆರಳನ್ನು ಗಾಳಿಯಲ್ಲಿ ಆಡಿಸುತ್ತಿದ್ದಳು. "ಎಡಗೈಗೂ ಗೊತ್ತಾಗತ್ತೆ ಬಿಡು. ಮನೆಗೆ ಹೋಗಿದ್ ದಿನಾನೇ ಹತ್ತಿ ತೋರಿಸ್ತೀನಿ" ಅನ್ನುತ್ತಿದ್ದಳು.

ಮನೆಗೆ ಬಂದ ದಿನ ಜಿಟಿಜಿಟಿ ಮಳೆ. ಆಟೋದಿಂದ ಇಳಿಯುವಾಗಲೇ ಆ ವಾಸನೆ ಬಂತು. ಅಣ್ಣ ಬಾಗಿಲಲ್ಲೇ ನಿಂತಿದ್ದ, ಮುಖ ತುಂಬ ನಗು. ಹಬ್ಬದ ದಿನ ಹೊಸ ಬಟ್ಟೆ ಹಾಕಿಕೊಂಡ ಮಗು ನಿಂತ ಹಾಗೆ. "ಅಮ್ಮಾ, ನಿಂಗೊಂದ್ ಮಾಡಿಸಿದೀನಿ, ಬಾ" ಅಂದ. ನಾನು ಒಳಗೆ ನೋಡಿದೆ. ಮೆಟ್ಟಿಲ ಕಂಬಗಳು ಜೇನುತುಪ್ಪದ ಬಣ್ಣಕ್ಕೆ ಥಳಥಳ ಹೊಳೆಯುತ್ತಿದ್ದವು. ಒಂದು ಗೆರೆಯಿಲ್ಲ, ಒಂದು ಕಚ್ಚಿಲ್ಲ. ಎಲ್ಲಾ ಕಚ್ಚಿಗೂ ಮರದ ಪುಡಿ, ಅಂಟು ಕಲಸಿ ತುಂಬಿ, ಉಪ್ಪುಕಾಗದದಲ್ಲಿ ಉಜ್ಜಿ, ಮೇಲಿಂದ ಮೇಲೆ ಪಾಲಿಶ್ ಹೊಡೆದಿದ್ದರು. ಅನ್ವರ್ ಭಾಯಿ ಎಂಥ ಕೆಲಸ ಮಾಡಿದ್ದರು ಅಂದರೆ, ಕಚ್ಚು ಎಲ್ಲಿತ್ತು ಅಂತ ಕಣ್ಣಿದ್ದವರಿಗೂ ಗೊತ್ತಾಗುವಂತಿರಲಿಲ್ಲ. ಅಣ್ಣಾ ಏನ್ ಮಾಡ್ಬಿಟ್ಟೆಯೋ ಅಂತ ನಾನು ಕಿರುಚುವ ಮೊದಲೇ ಅಮ್ಮ ಮೆಟ್ಟಿಲ ಹತ್ತಿರ ಹೋಗಿಬಿಟ್ಟಿದ್ದಳು.

ಅಮ್ಮ ಎಡಗೈ ಚಾಚಿ ಮೊದಲ ಕಂಬ ಹಿಡಿದಳು. ಹೆಬ್ಬೆರಳು ಕುತ್ತಿಗೆಯ ಸುತ್ತ ಹುಡುಕಿತು. ಮೇಲೆ ಕೆಳಗೆ ಆಡಿತು. ಎರಡನೇ ಕಂಬ, ಮೂರನೇದು. ಅವಳ ಮುಖ ನೋಡಲಾಗದೆ ನಾನು ಅವಳ ಬೆರಳನ್ನೇ ನೋಡುತ್ತಿದ್ದೆ. ಆದರೂ ಹತ್ತತೊಡಗಿದಳು. ತಿರುವು ಬಂತು. ಅವಳಿಗೆ ಗೊತ್ತಾಗಲಿಲ್ಲ. ನೇರ ಹೋಗಿ ಹಣೆಯನ್ನು ಗೋಡೆಗೆ ತಗುಲಿಸಿಕೊಂಡಳು, ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಏನಾಯ್ತಮ್ಮಾ?" ಅಣ್ಣ ಓಡಿದ.

"ಏನಿಲ್ಲ ಕಣಪ್ಪ, ಆಸ್ಪತ್ರೆ ಸುಸ್ತು" ಅಂದಳು ಅಮ್ಮ. ಪಕ್ಕದ ಕಂಬ ಸವರಿ, "ಚೆನ್ನಾಗಿ ಮಾಡಿಸಿದೀಯ ಮಗಾ. ಎಷ್ಟ್ ನುಣ್ಣಗಿದೆ!" ಅಂದಳು.

ಅಣ್ಣನ ಕಣ್ಣು ತುಂಬಿಬಂದವು. ಅವನು ಹತ್ತು ಸಲ, "ಇನ್ನ್ಮೇಲೆ ನಿನ್ ಕೈಗೆ ಒಂದ್ ಗೀರೂ ಬೀಳಲ್ಲ ಬಿಡಮ್ಮ" ಅಂದ. ಅಮ್ಮನನ್ನು ಹಾಸಿಗೆಗೆ ಕರೆದುಕೊಂಡು ಹೋಗಿ ಮಲಗಿಸುವಾಗ ನಾನು ಹಲ್ಲು ಕಚ್ಚಿಕೊಂಡು, "ನಾನ್ ಹೇಳ್ತೀನಿ ಅವನಿಗೆ" ಅಂದೆ. ಅಮ್ಮ ನನ್ನ ಮುಂಗೈ ಬಿಗಿಯಾಗಿ ಹಿಡಿದಳು. "ಬಾಯ್ ಬಿಟ್ರೆ ನನ್ನಾಣೆ. ಅವ್ನಿಗೇನ್ ಗೊತ್ತು ಪಾಪ. ನನ್ ಕೈ ಉಳೀಲಿ ಅಂತ ಮಾಡಿದಾನೆ. ನೀನು ಸುಮ್ನಿರು." ಆಮೇಲೆ ಗೋಡೆಗೆ ಮುಖ ಮಾಡಿದಳು.

ಅಲ್ಲಿಂದ ಅವಳು ಮೆಟ್ಟಿಲ ಹತ್ತಿರ ಹೋಗಲಿಲ್ಲ. ತಟ್ಟೆ ಮತ್ತೆ ಹಾಗೇ ವಾಪಸ್ ಬರತೊಡಗಿತು. ಅಣ್ಣ ದಿನಾ ಕೇಳುವನು, "ಯಾಕಮ್ಮಾ ಮೇಲೆ ಹೋಗಲ್ಲ? ಕಂಬ ಈಗ ಎಷ್ಟ್ ಚೆನ್ನಾಗಿದೆ!" ಅಮ್ಮ ಮಂಡಿನೋವು ಅನ್ನುವಳು, ತಲೆಸುತ್ತು ಅನ್ನುವಳು, ಮಳೆ ಅನ್ನುವಳು. ನೋಡಲು ಬಂದವರೆಲ್ಲ ಮೆಟ್ಟಿಲು ನೋಡಿ ಬಾಯಿ ಬಾಯಿ ಬಿಡುವರು. "ಏನ್ ಕೆಲ್ಸ ಗುರು, ಸಿನಿಮಾ ಸೆಟ್ ಇದ್ದಂಗಿದೆ!" ಅಂತ ಅಣ್ಣನ ಫ್ರೆಂಡೊಬ್ಬ ಫೋಟೋ ಬೇರೆ ತೆಗೆದುಕೊಂಡು ಹೋದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾರ ಮೇಲೆ ಸಿಟ್ಟು ಮಾಡಲಿ? ಅಣ್ಣನ ಮೇಲಾ? ಅಷ್ಟು ಪ್ರೀತಿಯಿಂದ ಅಷ್ಟು ಹಾಳು ಮಾಡಿದವನನ್ನು ಏನಂತ ಬೈಯುವುದು? ಸುಳ್ಳು ಹೇಳಿ ಹೇಳಿ ಸಾಯುತ್ತಿರುವ ಅಮ್ಮನ ಮೇಲಾ?

ನಾನು ಹುಚ್ಚಿ, ಒಂದು ಕೆಲಸ ಮಾಡಿದೆ. ಮನೆಯಲ್ಲಿ ಉಳಿದಿದ್ದ ರೇಷ್ಮೆ ನೂಲು ಹುಡುಕಿ, ಸ್ಕೂಲಿನಿಂದ ಬಂದು ಅಣ್ಣ ಮನೆಗೆ ಬರುವ ಮುಂಚೆ, ತಿರುವಿನ ಕಂಬಕ್ಕೆ ಸುತ್ತಿ ಆ ಕಡೆ ಈ ಕಡೆ ಎಳೆಯುತ್ತ ಕೂತೆ. ಅದೊಂದು ಕಂಬಕ್ಕಾದರೂ ಕಚ್ಚು ಬೀಳಲಿ, ತಿರುವು ಎಲ್ಲಿ ಅಂತ ಅವಳಿಗೆ ಗೊತ್ತಾಗಲಿ ಅಂತ. ಪಾಲಿಶ್ ಮೇಲೆ ನೂಲು ಜಾರಿತು, ಹರಿಯಿತು. ಹೊಸ ಎಳೆ ತೆಗೆದುಕೊಂಡೆ, ಅದೂ ಹರಿಯಿತು. ನನ್ನ ಬೆರಳೇ ಕುಯ್ದು ಹೋಯಿತು. ಮರ ಹಾಗೇ ಹೊಳೆಯುತ್ತಿತ್ತು. ಅಮ್ಮ ಒಂದು ಆಯುಷ್ಯ ಎಳೆದಿದ್ದನ್ನು ನಾನು ಸಂಜೆ ಕಾಫಿಯ ಹೊತ್ತಿನಲ್ಲಿ ಎಳೆಯಲು ಹೋಗಿದ್ದೆ.

ಒಂದು ಸಂಜೆ ಅಣ್ಣ ಬೇಗ ಬಂದವನು ನನ್ನನ್ನು ನೋಡಿಬಿಟ್ಟ.

"ಲೇ ರತ್ನ, ಏನ್ ಮಾಡ್ತಿದೀಯೇ? ಪಾಲಿಶ್ ಹೋಗತ್ತೆ ಕಣೇ!"

ಅಮ್ಮನ ಆಣೆಗೀಣೆ ಎಲ್ಲಾ ಮರೆತುಹೋಯಿತು. "ಹಾಳಾಗ್ ಹೋಗ್ಲಿ ನಿನ್ ಪಾಲಿಶ್ಶು!" ಅಂದವಳು ಎಲ್ಲವನ್ನೂ ಹೇಳಿಬಿಟ್ಟೆ. ಬೀದಿಗೆ ಬಿಡದ ಅಜ್ಜಿ, ಕಂಬಕ್ಕೆ ಸುತ್ತಿದ ನೂಲು, ಹೆಬ್ಬೆರಳು, ತಿರುವು, ಎಲ್ಲಾ. ಅವನು ಕೇಳುತ್ತ ಕೇಳುತ್ತ ಮೆಟ್ಟಿಲ ಮೇಲೆ ಕೂತ. ಎದ್ದು ಹೋಗಿ ಅಡುಗೆಮನೆಯಿಂದ ಚಾಕು ತಂದ. ಬೇಡ ಅಣ್ಣ ಅಂದೆ, ಕೇಳಲಿಲ್ಲ. ತಿರುವಿನ ಕಂಬದ ಕುತ್ತಿಗೆಗೆ ಚಾಕು ಇಟ್ಟು, ಅಳುತ್ತ, ಬಿಕ್ಕುತ್ತ, ಸುತ್ತ ಕುಯ್ದ. ಅಂಕುಡೊಂಕಾಗಿ ಒಂದು ಗಾಯ ಬಿತ್ತು. ಆಮೇಲೆ ಒಳಗೆ ಹೋಗಿ ಅಮ್ಮನನ್ನು ಎತ್ತಿಕೊಂಡೇ ಬಂದ. ಅವಳು ಆಗಲೇ ಅಷ್ಟು ಹಗುರವಾಗಿದ್ದಳು. ಅವಳ ಹೆಬ್ಬೆರಳನ್ನು ಹಿಡಿದು ಆ ಕಚ್ಚಿನಲ್ಲಿ ಇಟ್ಟ. "ನೋಡಮ್ಮಾ, ಇಲ್ಲಿದೆ, ಇಲ್ಲೇ ತಿರುಗ್ಬೇಕು" ಅಂದ.

ಅಮ್ಮ ಬೆರಳಾಡಿಸಿದಳು. "ಚಾಕು ಹಾಕ್ದೆಯಾ ಮಗಾ?" ಅಂದಳು. "ಅಯ್ಯೋ, ಯಾಕಪ್ಪಾ... ಒಳ್ಳೇ ಮರಕ್ಕೆ." ಬೆರಳು ಹಿಂದಕ್ಕೆ ತೆಗೆದುಕೊಂಡಳು. ಅಣ್ಣ ಅವಳ ಮಡಿಲಲ್ಲಿ ತಲೆಯಿಟ್ಟು, ತಪ್ಪಾಯ್ತಮ್ಮ, ತಪ್ಪಾಯ್ತಮ್ಮ ಅನ್ನುತ್ತಲೇ ಇದ್ದ. ಅಮ್ಮ ಅವನ ತಲೆ ಸವರಿದಳು.

"ಒಂದ್ ಕೆಲ್ಸ ಮಾಡ್ಕೊಡಪ್ಪ. ಮತ್ತೆ ಹಲಗೆ ಹೊಡಿಸ್ಬಿಡು."

"ಯಾಕಮ್ಮಾ?"

"ಹಲಗೆ ಇದ್ದಾಗ, ಒಳಗೆ ನನ್ ಕಂಬ ಇದಾವೆ ಅಂತಿತ್ತು. ಹಂಗೇ ಅಂದ್ಕೊಂಡಿರ್ತೀನಿ."

ಅಣ್ಣ ಯಾರನ್ನೂ ಕರೆಸಲಿಲ್ಲ. ಹಿತ್ತಲಲ್ಲಿ ಒರಗಿಸಿಟ್ಟಿದ್ದ ಅವೇ ಹಲಗೆಗಳನ್ನು ತಂದು, ಎರಡೂ ಕಡೆ ತಾನೇ ಮೊಳೆ ಹೊಡೆದ. ಮೊಳೆ ಬಡಿಯುವ ಸದ್ದು ಮನೆ ತುಂಬಿತು, ಅಮ್ಮ ಉಗ್ರಾಣದಲ್ಲಿ ಅದನ್ನು ಕೇಳುತ್ತ ಮಲಗಿದ್ದಳು. ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಹೋಗಿಬಿಟ್ಟಳು. ಕೊನೆಯ ದಿನಗಳಲ್ಲಿ ಅವಳ ಹೆಬ್ಬೆರಳು ಹೊದ್ದ ಕಂಬಳಿಯ ಅಂಚಿನಲ್ಲಿ ಏನನ್ನೋ ಹುಡುಕುತ್ತಿತ್ತು. ನಾನು ನನ್ನ ಬೆರಳು ಕೊಟ್ಟರೆ ಪಕ್ಕಕ್ಕೆ ಸರಿಸುವಳು.

ನಾನು ಇವತ್ತಿಗೂ ಮಹಡಿಯ ಕೋಣೆಯಲ್ಲೇ ಮಲಗುತ್ತೇನೆ, ದಿನಾ ಆ ಕತ್ತಲೆ ಪೆಟ್ಟಿಗೆಯೊಳಗೇ ಹತ್ತಿ ಇಳಿಯುತ್ತೇನೆ. ಮಳೆ ಬಂದು ಥಂಡಿ ಹಿಡಿದಾಗ ಹಲಗೆಯ ಸಂದಿಯಿಂದ ಪಾಲಿಶ್ ವಾಸನೆ ಬರುತ್ತದೆ. ಅಣ್ಣ ಮಹಡಿಗೆ ಬರುವುದನ್ನೇ ಬಿಟ್ಟಿದ್ದಾನೆ.

ಕಳೆದ ತಿಂಗಳು ನಡುಮನೆಯನ್ನು ಅಂಗಡಿಗೆ ಬಾಡಿಗೆಗೆ ಕೇಳಿಕೊಂಡು ಒಬ್ಬರು ಬಂದಿದ್ದರು. ಗೋಡೆ, ಸೂರು ಎಲ್ಲಾ ನೋಡಿ, ಮೆಟ್ಟಿಲ ಹಲಗೆಯನ್ನು ಬೆರಳಿನಿಂದ ಟಕಟಕ ತಟ್ಟಿದರು. "ಟೊಳ್ಳಿದೆ ಸಾರ್, ಇದರ ಹಿಂದೆ ಏನಿದೆ?" ಅಂದರು.

ಅಣ್ಣ ಹಲಗೆಯ ಮೇಲೆ ಅಂಗೈ ಇಟ್ಟ.

"ನಮ್ಮಮ್ಮನ ಬೀದಿ ಇತ್ತು" ಅಂದ. "ಈಗ ಏನೂ ಇಲ್ಲ."